ಮಿರ್ಚಿ ಬಿಸಿ ಇದೆ, ಎಣ್ಣೆ ಎಷ್ಟು ದಿನದ್ದು?

ಸಂಜೆ ಐದೂವರೆ ಆಯಿತೆಂದರೆ ದಾವಣಗೆರೆಯಲ್ಲಿ ಗಡಿಯಾರ ನೋಡಬೇಕಾಗಿಲ್ಲ, ಮೂಗೇ ಸಾಕು. ಮಂಡಿಪೇಟೆ, ಚೌಕಿಪೇಟೆ, ಅಶೋಕ ರಸ್ತೆ, ರಾಂ ಅಂಡ್ ಕೋ ಸರ್ಕಲ್ಲು, ಬಸ್‌ಸ್ಟ್ಯಾಂಡಿನ ಆಸುಪಾಸು, ಎಲ್ಲಿ ನಿಂತರೂ ಕಡಲೆಹಿಟ್ಟು ಮೆತ್ತಿದ ಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದ 'ಚುಂಯ್' ಎಂಬ ಸದ್ದು. ಅದರ ಬೆನ್ನಿಗೇ ಘಮ. ಅಂಗಡಿಯ ಗಲ್ಲಾದ ಮೇಲೆ ಕುಂತ ಯಜಮಾನರು ಹುಡುಗನನ್ನು ಕರೀತಾರೆ: "ಹೋಗಲೇ, ಎರಡು ಪ್ಲೇಟ್ ಮಿರ್ಚಿ, ಒಂದು ಮಂಡಕ್ಕಿ ಕಟ್ಟಿಸ್ಕೊಂಡು ಬಾ." ಹರಿಹರದ ಬಸ್ಸಿಗೆ ಕಾದು ನಿಂತ ಗುಮಾಸ್ತರು ಒಂದು ಕಣ್ಣು ಬಸ್ಸಿನ ಮೇಲೆ, ಒಂದು ಕಣ್ಣು ಬಾಣಲೆಯ ಮೇಲೆ ಇಟ್ಟಿರುತ್ತಾರೆ. ಬಸ್ಸು ತಪ್ಪಿದರೂ ತಪ್ಪಲಿ, ಮಿರ್ಚಿ ತಪ್ಪಬಾರದು!

ತಪ್ಪೇನಿಲ್ಲ ಬಿಡಿ. ಮಿರ್ಚಿ-ಮಂಡಕ್ಕಿ ಈ ಊರಿನ ಹಕ್ಕು. ಬೆಣ್ಣೆದೋಸೆ ಊರಿನ ಕಿರೀಟವಾದರೆ ಮಂಡಕ್ಕಿ ಊರಿನ ಉಸಿರು. ಖಾರ ಮಂಡಕ್ಕಿ, ಒಗ್ಗರಣೆ ಮಂಡಕ್ಕಿ, ನರ್ಗಿಸ್ ಮಂಡಕ್ಕಿ ಅಂತ ಬಗೆಬಗೆಯ ಹೆಸರಿಟ್ಟು ತಿನ್ನುವ ಊರು ಇದು. ಹೊರಗಿನವರು ಪಿಜ್ಜಾ, ಬರ್ಗರ್ ಎಂದು ಕರೆಯುವ 'ಫಾಸ್ಟ್ ಫುಡ್' ಈ ಜಿಲ್ಲೆಗೆ ಬರುವುದಕ್ಕೆ ಎಷ್ಟೋ ಮುಂಚೆಯೇ, ಐದು ನಿಮಿಷದಲ್ಲಿ ಕೈಗೆ ಬಂದು ಮೂರು ನಿಮಿಷದಲ್ಲಿ ಹೊಟ್ಟೆಗೆ ಹೋಗುವ ತಿಂಡಿ ಇಲ್ಲಿ ಇತ್ತು.

ಪ್ರಶ್ನೆ ಬೇರೆ. ವರ್ಷಕ್ಕೆ ಹತ್ತು ಸಲ ತಿನ್ನುವವರಿಗೂ ವಾರಕ್ಕೆ ಆರು ಸಲ ತಿನ್ನುವವರಿಗೂ ಹೊಟ್ಟೆಯೊಳಗೆ ಒಂದೇ ಲೆಕ್ಕ ನಡೆಯುತ್ತದೆಯೆ? ನಡೆಯುವುದಿಲ್ಲ ಅಂತ ವೈದ್ಯಶಾಸ್ತ್ರ ಹೇಳುತ್ತಾ ಬಂದಿದೆ. ಕಿವಿಗೊಟ್ಟವರು ಕಡಿಮೆ.

ಮಿಲ್ಲು ಹೋಯಿತು, ಮಿರ್ಚಿ ಉಳಿಯಿತು

ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲವೊಂದಿತ್ತು. ಹತ್ತಿ ಗಿರಣಿಗಳ ಸೈರನ್ ಕೂಗಿದರೆ ಪಾಳಿ ಮುಗಿಸಿದ ಕಾರ್ಮಿಕರು ಹಿಂಡುಹಿಂಡಾಗಿ ಹೊರಗೆ ಬರೋರು. ಎಂಟು ತಾಸು ಮಗ್ಗದ ಮುಂದೆ ನಿಂತ ಕಾಲು, ಬೇಲು ಎತ್ತಿದ ತೋಳು. ಮನೆಗೆ ನಡೆದೇ ಹೋಗಬೇಕು, ಇಲ್ಲವೆ ಸೈಕಲ್ ತುಳಿಯಬೇಕು. ಆ ಮೈಗೆ ನಾಲ್ಕು ಮಿರ್ಚಿ ಯಾವ ಲೆಕ್ಕ? ಮನೆ ಮುಟ್ಟುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು. ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪಲ್ಯ, ಕಾಳು.

ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಸೈರನ್ ನಿಂತಿತು. ಬಾಣಲೆ ಮಾತ್ರ ನಿಲ್ಲಲಿಲ್ಲ. ಈಗ ಅದರ ಮುಂದೆ ನಿಂತವರು ಯಾರು? ಬೆಳಿಗ್ಗೆ ಒಂಬತ್ತೂವರೆಗೆ ಗಲ್ಲಾಕ್ಕೆ ಕುಂತು ರಾತ್ರಿ ಒಂಬತ್ತಕ್ಕೆ ಏಳುವ ವ್ಯಾಪಾರಸ್ಥರು. ಬಸ್ಸಿನಲ್ಲಿ ಕುಂತು ಬಂದು, ಕಚೇರಿಯಲ್ಲಿ ಕುಂತು, ಮತ್ತೆ ಬಸ್ಸಿನಲ್ಲಿ ಕುಂತು ಹೋಗುವ ನೌಕರರು. ಸೀಟು ಸಿಕ್ಕರೆ ಪುಣ್ಯ ಅಂತಾರೆ. ಸೀಟು ಸಿಗದವರ ಮೈಗೇ ಒಂದಿಷ್ಟು ಪುಣ್ಯ ಜಾಸ್ತಿ ಎಂದು ಡಾಕ್ಟರು ಹೇಳಿದರೆ ನಗಬಾರದು.

ತಿಂಡಿ ಹಳೆಯದೇ. ಅದನ್ನು ಕರಗಿಸುತ್ತಿದ್ದ ಮೈಕೆಲಸ ಹೋಯಿತು. ಅದರ ಜೊತೆಗೆ ಹೊಸ ಸಂತಾನ ಬೇರೆ ಬಂದಿದೆ: ಗೋಬಿ ಮಂಚೂರಿ, ಎಗ್ ರೈಸು, ನೂಡಲ್ಸು, ಪಫ್ಸು, ಕಬಾಬು, ಷವರ್ಮಾ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಮನೆ ಬಾಗಿಲಿಗೇ ಬರುವ ವ್ಯವಸ್ಥೆ. ಮೊದಲಾದರೆ ತಿಂಡಿಯ ಹತ್ತಿರಕ್ಕೆ ನಾಲ್ಕು ಹೆಜ್ಜೆಯಾದರೂ ನಡೀಬೇಕಿತ್ತು!

ಒಂದು ದಿನದ ಜಮಾ-ಖರ್ಚು

ವ್ಯಾಪಾರಸ್ಥರಿಗೆ ಲೆಕ್ಕದ ಭಾಷೆ ಬೇಗ ತಿಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗೆ ಆಹಾರದ ಹೊಸ ಮಾರ್ಗಸೂಚಿ ಕೊಟ್ಟಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವ ಮನುಷ್ಯನಿಗೆ ಅದು ಹೇಳುವ ಎಣ್ಣೆ-ಕೊಬ್ಬು ಸುಮಾರು 27 ಗ್ರಾಂ. ಅಂದರೆ ಐದಾರು ಸಣ್ಣ ಚಮಚ. ಇದು ಮನೆಯ ಒಗ್ಗರಣೆ, ಪಲ್ಯ, ಸಾರು, ಚಟ್ನಿ ಎಲ್ಲ ಸೇರಿ. ಮಧ್ಯಾಹ್ನದ ಊಟಕ್ಕೇ ಇದರಲ್ಲಿ ಬಹುಪಾಲು ಖರ್ಚಾಗಿರುತ್ತದೆ. ಸಂಜೆಗೆ ಖಾತೆಯಲ್ಲಿ ಉಳಿದದ್ದು ಅಷ್ಟಕ್ಕಷ್ಟೆ. ಆಗ ಬರುತ್ತದೆ ಮಿರ್ಚಿ. ಎರಡು ಚಮಚ ಎಣ್ಣೆ ಒಳಗೆ ಹೋಯಿತು ಅಂತಿಟ್ಟುಕೊಂಡರೂ ಅದೇ 90 ಕ್ಯಾಲೊರಿ. ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಇದರಲ್ಲಿ ರಿಯಾಯಿತಿ ಇಲ್ಲ, ಅದು ಕಡಲೆಕಾಯಿ ಎಣ್ಣೆಯಾಗಲಿ, ಪಾಮ್ ಎಣ್ಣೆಯಾಗಲಿ, ತುಪ್ಪವಾಗಲಿ.

ಚಾ ಲೆಕ್ಕ ಇನ್ನೂ ಸೇರಿಲ್ಲ. ಅಂಗಡಿಗೆ ಬಂದ ಗಿರಾಕಿಗೊಂದು ಚಾ, ಜೊತೆಗೆ ತನಗೊಂದು. ಸಾಲ ವಸೂಲಿಗೆ ಬಂದವನಿಗೊಂದು, ಜೊತೆಗೆ ತನಗೊಂದು. ಸಂಜೆಯೊಳಗೆ ಐದು ಚಾ ಆದರೆ, ಕಪ್ಪಿಗೆ ಎರಡು ಚಮಚೆಯಂತೆ ಹತ್ತು ಚಮಚ ಸಕ್ಕರೆ. ನಲವತ್ತು ಗ್ರಾಂ ಮೇಲೆ! ಹೊರಗಿನಿಂದ ಹಾಕಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೇದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ನಾನು ಸ್ವೀಟ್ ಮುಟ್ಟೋದೇ ಇಲ್ರೀ" ಅಂತ ಎದೆ ತಟ್ಟಿಕೊಳ್ಳುವವರು ಈ ಲೆಕ್ಕ ನೋಡಬೇಕು. ಮಧ್ಯೆ ಬಿಸಿಲಿಗೆ ಒಂದು ಬಾಟಲಿ ಕೋಲಾ ಏರಿಸಿದರೆ ನೂರು ಮಿಲಿಲೀಟರಿಗೆ ಸುಮಾರು ಹತ್ತು ಗ್ರಾಂ ಸಕ್ಕರೆ ಬೇರೆ ಜಮಾ.

ಉಪ್ಪು ಕಣ್ಣಿಗೆ ಕಾಣುವುದಿಲ್ಲ. ದಿನಕ್ಕೆ ಒಂದು ಚಮಚ, ಅಂದರೆ 5 ಗ್ರಾಂ ದಾಟಬಾರದು. ಭಾರತೀಯರು ಸರಾಸರಿ 8 ಗ್ರಾಂ ತಿನ್ನುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆ ಹೇಳಿತು. ಮಂಚೂರಿಗೆ ಸುರಿಯುವ ಸೋಯಾ ಸಾಸು ಒಂದು ದೊಡ್ಡ ಚಮಚ ಆದರೆ ಅದರಲ್ಲೇ ಎರಡು ಗ್ರಾಂಗಿಂತ ಹೆಚ್ಚು ಉಪ್ಪು. ಜನ ಬೈಯುವುದು ಮಾತ್ರ ಅಜಿನೊಮೊಟೊ ಪುಡಿಯನ್ನು! ಸಾಮಾನ್ಯ ಪ್ರಮಾಣದಲ್ಲಿ ಅದರಿಂದ ದೊಡ್ಡವರಿಗೆ ಅಪಾಯ ಅಂತ ಸಾಬೀತಾಗಿಲ್ಲ. ಪಕ್ಕದಲ್ಲೇ ಇರುವ ಉಪ್ಪಿನ ಡಬ್ಬಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನು ಮಂಡಕ್ಕಿ. "ಹಗುರ ಐತಲ್ರೀ, ಗಾಳಿ ಇದ್ದಂಗೆ" ಅಂತಾರೆ. ತೂಕಕ್ಕೆ ಹಗುರ ನಿಜ, ಅದರಲ್ಲಿ ಕೊಬ್ಬೂ ಇಲ್ಲದಷ್ಟು ಕಡಿಮೆ. ಆದರೆ ಉಬ್ಬಿಸಿದ ಅಕ್ಕಿ ಬೇಗ ಜೀರ್ಣವಾಗುತ್ತದೆ, ಬೇಗ ರಕ್ತದಲ್ಲಿ ಸಕ್ಕರೆಯಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಗಾಳಿ ಅಂತ ತಿಳಿದು ಸೇರುಗಟ್ಟಲೆ ಮೆಲ್ಲುವುದು ತರವಲ್ಲ. ಶೇಂಗಾ, ಹುರಿಗಡಲೆ, ಈರುಳ್ಳಿ, ಸೌತೆಕಾಯಿ, ನಿಂಬೆರಸ ಕೂಡಿಸಿ ಮಂಡಕ್ಕಿ ಕಡಿಮೆ ಮಾಡಿಸಿಕೊಂಡರೆ ಏರುವ ವೇಗ ತಗ್ಗುತ್ತದೆ. ರುಚಿಯೂ ಹೆಚ್ಚು.

ವಾರಕ್ಕೆ ಎರಡು ಸಲ ದಾಟಿದರೆ

'ರೂಢಿಯಾಗಿ ತಿಂದರೆ ಏನಾಗುತ್ತೆ' ಅನ್ನುವುದನ್ನು ಅಮೆರಿಕದವರು ಹದಿನೈದು ವರ್ಷ ಕಾದು ನೋಡಿದರು. 1985-86ರಲ್ಲಿ ಹದಿನೆಂಟರಿಂದ ಮೂವತ್ತು ವಯಸ್ಸಿನವರನ್ನು ಸೇರಿಸಿಕೊಂಡು ಶುರುವಾದ ಅಧ್ಯಯನ. ಮೂರು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ 2005ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಫಾಸ್ಟ್ ಫುಡ್ ಅಂಗಡಿಗೆ ವಾರಕ್ಕೆ ಒಂದು ಸಲವೂ ಹೋಗದವರಿಗಿಂತ, ಎರಡು ಸಲಕ್ಕೂ ಹೆಚ್ಚು ಹೋಗುತ್ತಿದ್ದವರ ಮೈತೂಕ ನಾಲ್ಕೂವರೆ ಕಿಲೋ ಜಾಸ್ತಿ ಏರಿತ್ತು. ಇನ್ಸುಲಿನ್ನಿಗೆ ಮೈ ಬಗ್ಗದಿರುವ ಗುಣ, ಅಂದರೆ ಸಕ್ಕರೆ ಕಾಯಿಲೆಯ ಮುಂಬಾಗಿಲು, ಅವರಲ್ಲಿ ಎರಡು ಪಟ್ಟು ಹೆಚ್ಚು ಏರಿತ್ತು.

"ಅದು ಅಮೆರಿಕದವರ ಕಥೆ ಬಿಡ್ರಿ, ನಮ್ಮ ಮೈ ಬೇರೆ" ಅನ್ನಬಹುದು. ಸರಿ, ಸಿಂಗಾಪುರಕ್ಕೆ ಬನ್ನಿ. ಅಲ್ಲಿನ ಚೀನೀ ಮೂಲದ ಐವತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ 2012ರಲ್ಲಿ ಬಂತು. ಬರ್ಗರ್, ಪಿಜ್ಜಾ ತರದ ತಿಂಡಿಯನ್ನು ವಾರಕ್ಕೆ ಎರಡು ಸಲ ಅಥವಾ ಹೆಚ್ಚು ತಿನ್ನುವವರಲ್ಲಿ ಸಕ್ಕರೆ ಕಾಯಿಲೆಯ ಸಂಭವ ಶೇಕಡ 27 ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇಕಡ 56 ಹೆಚ್ಚು. ಅದು ಮಿರ್ಚಿಯನ್ನು ಅಳೆದ ಲೆಕ್ಕವಲ್ಲ, ನಿಜ. ಆದರೆ ಮೈದಾ, ಕರಿದ ಎಣ್ಣೆ, ಉಪ್ಪು, ಸಕ್ಕರೆ ಎಂಬ ನಾಲ್ವರು ಯಾವ ದೇಶದಲ್ಲೂ ಪರಕೀಯರಲ್ಲ.

ನಮ್ಮ ಮೈ ಬೇರೆ ಎಂಬ ಮಾತೂ ನಿಜವೇ, ಆದರೆ ಅದು ನಮ್ಮ ಪರವಾಗಿಲ್ಲ! ಭಾರತೀಯರಿಗೆ ಕಡಿಮೆ ತೂಕದಲ್ಲೇ, ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಮುಖ ನೋಡಿದರೆ ತೆಳ್ಳಗೆ, ಶರ್ಟಿನ ಗುಂಡಿ ಮಾತ್ರ ಬಿಗಿ. ಈ ಹೊಟ್ಟೆಯ ಬೊಜ್ಜೇ ಹೆಚ್ಚು ಕೆಡುಕಿನದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ದೇಶದುದ್ದಕ್ಕೂ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ವರದಿ 2023ರಲ್ಲಿ ಬಂತು. ಸಕ್ಕರೆ ಕಾಯಿಲೆಯವರು 10.1 ಕೋಟಿ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ರಕ್ತದ ಒತ್ತಡದವರು 31.5 ಕೋಟಿ. ಬಸ್ಸಿನಲ್ಲಿ ಐವತ್ತು ಜನ ವಯಸ್ಕರು ಕುಂತಿದ್ದರೆ ಐದಾರು ಜನರಿಗೆ ಸಕ್ಕರೆ, ಹದಿನೇಳು ಹದಿನೆಂಟು ಜನರಿಗೆ ಬಿ.ಪಿ. ಅದರಲ್ಲಿ ಎಷ್ಟೋ ಮಂದಿಗೆ ತಮಗಿದೆ ಎಂಬುದೇ ಗೊತ್ತಿರುವುದಿಲ್ಲ.

ಇನ್ನೊಂದು ಸಣ್ಣ ಪ್ರಯೋಗ 2019ರದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಇಪ್ಪತ್ತು ಜನರನ್ನು ತಿಂಗಳು ಕಾಲ ಒಳಗೇ ಇಟ್ಟುಕೊಂಡು ಎರಡು ವಾರ ಕಾರ್ಖಾನೆಯ ಸಿದ್ಧ ತಿನಿಸು, ಎರಡು ವಾರ ಸಾದಾ ಅಡುಗೆ ಬಡಿಸಿದರು. ಎರಡರಲ್ಲೂ ಬಡಿಸಿದ ಕ್ಯಾಲೊರಿ, ಸಕ್ಕರೆ, ಉಪ್ಪು, ಕೊಬ್ಬು ಸಮ. ಎಷ್ಟು ಬೇಕಾದರೂ ತಿನ್ನಿ, ಬೇಕಾದಷ್ಟು ಬಿಡಿ ಎಂದರು. ಸಿದ್ಧ ತಿನಿಸಿನ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಹೆಚ್ಚು ವೇಗವಾಗಿ ತಿಂದರು. ಎರಡೇ ವಾರಕ್ಕೆ ಒಂದು ಕಿಲೋ ಹತ್ತಿರ ತೂಕ ಏರಿತು. ಸಾದಾ ಅಡುಗೆಗೆ ತಿರುಗಿದಾಗ ಅಷ್ಟೇ ಇಳಿಯಿತು. ಅಗಿಯುವ ಮುಂಚೆಯೇ ನುಂಗಿಸಿಕೊಳ್ಳುವ ಗುಣ ಮೆತ್ತನೆ ತಿನಿಸಿಗಿದೆ. 'ಸಾಕು' ಎಂಬ ಸುದ್ದಿ ಹೊಟ್ಟೆಯಿಂದ ಮಿದುಳಿಗೆ ಹೋಗುವಷ್ಟರಲ್ಲಿ ತಟ್ಟೆ ಖಾಲಿ.

ಕರಿ ಎಣ್ಣೆಯ ಕಥೆ

ಈಗ ಬಾಣಲೆಗೆ ಬರೋಣ. ತಾಜಾ ಎಣ್ಣೆಯಲ್ಲಿ ಕರಿದದ್ದೂ ಎಣ್ಣೆಯೇ. ಆದರೆ ಅದೇ ಎಣ್ಣೆ ನಿನ್ನೆ ಕಾದದ್ದು, ಮೊನ್ನೆ ಕಾದದ್ದು ಆದರೆ ಕಥೆ ಬದಲಾಗುತ್ತದೆ. ಎಣ್ಣೆ ಪದೇ ಪದೇ ಕಾದಾಗ ಒಡೆಯುತ್ತದೆ. ಉದುರಿದ ಹಿಟ್ಟು ತಳದಲ್ಲಿ ಸೀದು ಕಪ್ಪಾಗುತ್ತದೆ. ಮೊದಲು ಬಣ್ಣ ಗಾಢ, ಆಮೇಲೆ ನೊರೆ, ಆಮೇಲೆ ಬೇಗ ಹೊಗೆ, ಕಡೆಗೆ ಸೌಟಿನಿಂದ ಇಳಿಬಿಟ್ಟರೆ ಕಾಕಂಬಿಯಂತೆ ಅಂಟು. ಒಳಗೆ ಆಲ್ಡಿಹೈಡು ಮೊದಲಾದ ಕೆಟ್ಟ ವಸ್ತುಗಳು ಹುಟ್ಟುತ್ತವೆ, ರಕ್ತನಾಳ ಕೆಡಿಸುವ ಟ್ರಾನ್ಸ್ ಕೊಬ್ಬೂ ಸ್ವಲ್ಪ ಸೇರುತ್ತದೆ. ಕೆಟ್ಟ ಎಣ್ಣೆಗೆ ತಿಂಡಿಯೊಳಗೆ ಹೆಚ್ಚು ಇಳಿಯುವ ಗುಣವೂ ಉಂಟು. ಕಾವು ಕಡಿಮೆಯಿದ್ದಾಗ ಹಾಕಿದರೂ, ಗರಿಗರಿಯಾಗಲೆಂದು ಹಿಟ್ಟಿಗೆ ಸೋಡಾ ಹೆಚ್ಚು ಸುರಿದರೂ ಹೀಗೇ, ಬಜ್ಜಿ ಎಣ್ಣೆ ಕುಡಿಯುತ್ತದೆ.

ಕಾನೂನಿದೆ. ಕಾದ ಎಣ್ಣೆಯಲ್ಲಿ ಹುಟ್ಟುವ 'ಪೋಲಾರ್ ಸಂಯುಕ್ತ'ಗಳು ಒಟ್ಟು ಶೇಕಡ 25 ಮುಟ್ಟಿದರೆ ಆ ಎಣ್ಣೆ ಅಡುಗೆಗೆ ಬಾರದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ವನಸ್ಪತಿ, ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡ 2 ಮೀರಬಾರದು ಎಂಬುದು 2022ರ ಜನವರಿಯಿಂದ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವ ಹೋಟೆಲು, ಕಾರ್ಖಾನೆಗಳು ಲೆಕ್ಕದ ಪುಸ್ತಕ ಇಡಬೇಕು. ಹಳೆ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಿಸುವ 'ರುಕೊ' ಎಂಬ ಕಾರ್ಯಕ್ರಮವೂ 2018ರಲ್ಲೇ ಶುರುವಾಯಿತು.

ಐವತ್ತು ಲೀಟರಿನ ದೊಡ್ಡ ಹೋಟೆಲಿಗೆ ಪುಸ್ತಕ. ನಾಲ್ಕು ಲೀಟರಿನ ಗಾಡಿಗೆ? ಅಲ್ಲಿಗೆ ಯಂತ್ರವೂ ಇಲ್ಲ, ಪುಸ್ತಕವೂ ಇಲ್ಲ. ಬಳಸಿದ ಎಣ್ಣೆ ಕಡಿಮೆ ಬೆಲೆಗೆ ಸಣ್ಣ ಅಂಗಡಿಗಳಿಗೆ ಇಳಿದು ಮತ್ತೆ ಜನರ ಹೊಟ್ಟೆಗೇ ಬರುತ್ತದೆ ಎಂಬುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹಿಂದೆ ಹೇಳಿದೆ.

ಹಾಗಂತ ಗಾಡಿಯವರನ್ನು ಕಳ್ಳರಂತೆ ನೋಡಬೇಕಾಗಿಲ್ಲ. ಅವರ ಲೆಕ್ಕವನ್ನೂ ಕೇಳಬೇಕು. ಗಾಡಿ ಇಟ್ಟ ಒಬ್ಬ ಹೆಣ್ಣುಮಗಳ ಮಾತು ಹೀಗಿರುತ್ತದೆ: "ಎಣ್ಣಿ ಚೆಲ್ಲು ಅಂತಾರ್ರೀ ಸಾಹೇಬ್ರು. ಉಳಿದ ಎಣ್ಣಿ ಚೆಲ್ಲಿದ್ರೆ ಅವತ್ತಿನ ಲಾಭ ಚೆಲ್ಲಿದಂಗೆ. ಒಂದು ರೂಪಾಯಿ ಜಾಸ್ತಿ ಅಂದ್ರೆ ಗಿರಾಕಿ ಪಕ್ಕದ ಗಾಡಿಗೆ ಹೋಗ್ತಾನ. ನಾನೇನ್ ಮಾಡ್ಲಿ ಯಣ್ಣಾ?" ಇದಕ್ಕೆ ಥಟ್ಟನೆ ಉತ್ತರ ಕೊಡುವುದು ಕಷ್ಟ. ಭಾರತ ತಾನು ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶದಿಂದ ತರಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಆಮದು ಸುಂಕ ಏರಿದಾಗ ಡಬ್ಬಿಯ ಬೆಲೆ ಹೇಗೆ ಹಾರಿತು ಎನ್ನುವುದು ಕಿರಾಣಿ ಅಂಗಡಿಯವರಿಗೆ ಚೆನ್ನಾಗಿ ನೆನಪಿದೆ. 2025ರ ಮೇ ಕೊನೆಯಲ್ಲಿ ಕಚ್ಚಾ ಎಣ್ಣೆಗಳ ಸುಂಕ ತಗ್ಗಿಸಿದರು. ಡಬ್ಬಿಯ ಬೆಲೆ ಏರಿದ ದಿನಗಳಲ್ಲಿ ಮಿರ್ಚಿಯ ಬೆಲೆ ಅಷ್ಟೇ ವೇಗವಾಗಿ ಏರಿಸಲಾಗುವುದಿಲ್ಲ. ಆಗ ಏರುವುದು ಎಣ್ಣೆಯ ವಯಸ್ಸು.

ಮಾಡಬಹುದಾದ್ದು ಒಂದಿದೆ. ದೊಡ್ಡ ಬಾಣಲೆಗೆ ಬದಲು ಚಿಕ್ಕದು, ಒಮ್ಮೆಗೆ ಕಡಿಮೆ ಎಣ್ಣೆ, ಸಂಜೆಯೊಳಗೆ ಅದು ತೀರುವ ಹಾಗೆ ಲೆಕ್ಕ. ನಡುನಡುವೆ ಜರಡಿಯಲ್ಲಿ ಸೀದ ಹಿಟ್ಟು ಎತ್ತುವುದು. ಉಳಿದದ್ದನ್ನು ನಾಳೆ ಒಗ್ಗರಣೆಗೆ ಮುಗಿಸಿಬಿಡುವುದು, ಮತ್ತೆ ಕರಿಯಲು ಇಡದಿರುವುದು. ಬಲ್ಲ ಗಾಡಿಯವರು ಇದನ್ನು ಯಾರೂ ಹೇಳದೆಯೇ ಮಾಡುತ್ತಾರೆ. ಅವರ ಮುಂದೆಯೇ ಕ್ಯೂ ಹೆಚ್ಚು, ನೋಡಿ ಬೇಕಾದರೆ.

ಕೆಂಪು ಗೋಬಿ, ಕೆಂಪು ಕೈ

ಮಂಚೂರಿಯ ಕಥೆ ಕೇಳಿದರೆ ನಗು ಬರುತ್ತದೆ. ಮಂಚೂರಿಯಾ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬಯಿಯಲ್ಲಿ ಕೋಳಿಯ ಮಂಚೂರಿ ಮಾಡಿದರು ಎಂಬುದು ಪ್ರಸಿದ್ಧ ಮಾತು. ಕೋಳಿ ಹೋಗಿ ಹೂಕೋಸು ಬಂದು ಕರ್ನಾಟಕದ ಗಲ್ಲಿಗಲ್ಲಿಗೂ ಹಬ್ಬಿತು. ಜಾತ್ರೆಯಲ್ಲಿ ದೇವರ ದರ್ಶನ ಬಿಟ್ಟರೂ ಗೋಬಿ ಬಿಡದ ಮಕ್ಕಳಿದ್ದಾರೆ.

ಅದರ ಕೆಂಪು ಎಲ್ಲಿಂದ ಬಂತು ಎಂದು ಕೇಳಿದ್ದು 2024ರಲ್ಲಿ. ರಾಜ್ಯದ ಆಹಾರ ಸುರಕ್ಷತಾ ಇಲಾಖೆ 171 ಗೋಬಿ ಮಂಚೂರಿ ಮಾದರಿ ತೆಗೆದು ನೋಡಿದರೆ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ! ಬೊಂಬಾಯಿ ಮಿಠಾಯಿಯ 25 ಮಾದರಿಯಲ್ಲಿ 15. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ರೋಡಮೈನ್-ಬಿ. ಈ ಕೊನೆಯದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಆಹಾರಕ್ಕೆ ಅದನ್ನು ಯಾವ ಪ್ರಮಾಣದಲ್ಲೂ ಹಾಕುವಂತಿಲ್ಲ. ಜವಳಿ ಊರಿನವರಿಗೆ ಬಟ್ಟೆ ಬಣ್ಣ ಗೊತ್ತು, ಆದರೆ ಅದನ್ನು ತಿನ್ನುತ್ತಿದ್ದೇವೆ ಅಂತ ಗೊತ್ತಿರಲಿಲ್ಲ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಈ ಎರಡೂ ತಿಂಡಿಗಳಲ್ಲಿ ಕೃತಕ ಬಣ್ಣ ನಿಷೇಧಿಸಿದರು. ತಪ್ಪಿದರೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಎಂದರು. ಜೂನ್ ತಿಂಗಳಲ್ಲಿ ಕಬಾಬಿಗೂ ಅದೇ ನಿಷೇಧ ಬಂತು. ಅದಾದ ಮೇಲೆ ಪಾನಿಪೂರಿಯ ಸರದಿ: ಸುಮಾರು 260 ಮಾದರಿಯಲ್ಲಿ 41 ಕೆಟ್ಟವು. 2025ರ ಫೆಬ್ರವರಿಗೆ ಇಡ್ಲಿಗೂ ಬಂತು ಗ್ರಹಚಾರ. ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದು 251 ಕಡೆ ನೋಡಿದ್ದರಲ್ಲಿ 52 ಕಡೆ ಸಿಕ್ಕಿಬಿತ್ತು. ಇಡ್ಲಿಯಂಥ ಸಾಧು ಪ್ರಾಣಿಯನ್ನೂ ಬಿಡಲಿಲ್ಲ!

ನಿಷೇಧ ಆದ ಹೊಸದರಲ್ಲಿ ಗೋಬಿ ಬಿಳಚಿಕೊಂಡಿತ್ತು. ಗಿರಾಕಿಗಳೇ "ಕಲರ್ ಇಲ್ವೇನ್ರೀ?" ಅಂತ ಮುಖ ಸಿಂಡರಿಸುತ್ತಿದ್ದರು. ತಿಂದ ಮೇಲೆ ಬೆರಳಿಗೆ ಕೆಂಪು ಅಂಟಿ ಸೋಪಿಗೂ ಹೋಗದಿದ್ದರೆ ಅನುಮಾನ ಪಡಬೇಕು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಹಾಗೆ ಹಟ ಮಾಡುವುದಿಲ್ಲ.

ಈ ಪತ್ರಿಕೆಗೂ ಒಂದು ಮಾತು ಸಲ್ಲಬೇಕು. ಸಂಜೆ ಓದಿದ ಹಾಳೆ ಮರುದಿನ ಬಜ್ಜಿ ಕಟ್ಟಲು ಹೋಗುತ್ತದೆ. ಅಚ್ಚಿನ ಶಾಯಿ ಬಿಸಿ ಎಣ್ಣೆಯಲ್ಲಿ ಕರಗಿ ತಿಂಡಿಗೆ ಇಳಿಯುತ್ತದೆ. 2018ರ ಪ್ಯಾಕಿಂಗ್ ನಿಯಮಗಳ ಪ್ರಕಾರ ಸುದ್ದಿ ಪತ್ರಿಕೆಯಲ್ಲಿ ಆಹಾರ ಕಟ್ಟುವಂತಿಲ್ಲ, ಎಣ್ಣೆ ಹೀರಲು ಹಾಸುವಂತೆಯೂ ಇಲ್ಲ. ಸುದ್ದಿಯನ್ನು ಕಣ್ಣಿನಿಂದ ಮಾತ್ರ ಸೇವಿಸಬೇಕು. ಗಾಡಿಯವರಿಗೆ ಬಾಳೆ ಎಲೆ, ಮುತ್ತುಗದ ಎಲೆ ಈ ಜಿಲ್ಲೆಯಲ್ಲಿ ಸಿಗದ ವಸ್ತುವೇನಲ್ಲ.

ಶಟರ್ ಎಳೆಯುವ ದಿನ

ಇಷ್ಟೆಲ್ಲ ಕೇಳಿದ ಮೇಲೂ "ನಮ್ಮಪ್ಪ ಬಜ್ಜಿ ತಿಂದೇ ಎಂಬತ್ತು ವರ್ಷ ಬದುಕಿದ್ರು" ಅನ್ನುವವರಿಗೆ ಉತ್ತರ ಮೇಲೆಯೇ ಇದೆ: ಅಪ್ಪ ಹರಿಹರದ ಸಂತೆಗೆ ನಡೆದು ಹೋಗುತ್ತಿದ್ದರು.

ಎಲ್ಲ ತಪ್ಪನ್ನೂ ಬಾಣಲೆಯ ತಲೆಗೆ ಕಟ್ಟುವುದೂ ಸರಿಯಲ್ಲ. 2025ರ ಮೇ-ಜೂನಿನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಬಂದಾಗ ಜನ ಕಂಗಾಲಾಗಿ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸರಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಸತ್ತವರಲ್ಲಿ ಅನೇಕರಿಗೆ ಇದ್ದದ್ದು ಹಳೆಯ ಶತ್ರುಗಳೇ: ಬೀಡಿ-ಸಿಗರೇಟು, ಕುಡಿತ, ಸಕ್ಕರೆ, ಬಿ.ಪಿ., ಬೊಜ್ಜು. ತಿಂಡಿ ಇವುಗಳಲ್ಲಿ ಮೂರಕ್ಕೆ ಮೇವು ಹಾಕುತ್ತದೆ. ಸಿಗರೇಟಿನವನು ಬಜ್ಜಿ ಬಿಟ್ಟು ಸಿಗರೇಟು ಮುಂದುವರಿಸಿದರೆ ಲಾಭವಿಲ್ಲ.

ಅಂಗಡಿಯವರಿಗೆ ರೋಗ ಬಂದರೆ ರಜೆ ಕೊಡುವ ಸರಕಾರವಿಲ್ಲ. ಸಕ್ಕರೆ, ಬಿ.ಪಿ. ಎರಡೂ ಸೇರಿ ವರ್ಷಗಟ್ಟಲೆ ಮೂತ್ರಪಿಂಡವನ್ನು ತಿಂದರೆ ಕಡೆಗೆ ಡಯಾಲಿಸಿಸ್. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು ಯಂತ್ರದ ಪಕ್ಕ ಮಲಗಬೇಕು. ಹೋಗಿ ಬರುವುದೂ ಸೇರಿದರೆ ಅಷ್ಟೂ ದಿನ ಶಟರ್ ಕೆಳಗೆ. ಗಿರಾಕಿ ಎರಡು ಸಲ ಬಂದು ನೋಡಿ ಮೂರನೇ ಸಲ ಎದುರಿನ ಅಂಗಡಿಗೆ ಹೋಗುತ್ತಾನೆ. ಓದು ಬಿಟ್ಟ ಮಗ ಗಲ್ಲಾಕ್ಕೆ ಬಂದು ಕೂರುತ್ತಾನೆ. ಬಸ್ಸಿನಲ್ಲಿ ಓಡಾಡುವ ದಿನಗೂಲಿ ನೌಕರನ ಪಾಡು ಇದಕ್ಕಿಂತ ಕಷ್ಟ, ಅವನಿಗೆ ಎಳೆಯಲು ಶಟರೂ ಇಲ್ಲ. ಪೇಟೆಯ ಯಾವ ಬೀದಿಯಲ್ಲಿ ಕೇಳಿದರೂ ಇಂಥದೊಂದು ಮನೆಯ ಕಥೆ ಸಿಗುತ್ತದೆ.

ಪಾರಾಗುವ ದಾರಿ ಅಷ್ಟೇನೂ ಕಷ್ಟದ್ದಲ್ಲ, ಅದೇ ಬೇಸರದ ಸಂಗತಿ. ಮಧ್ಯಾಹ್ನದ ಊಟ ಎರಡರೊಳಗೆ ಆದರೆ ಐದೂವರೆಯ ಹಸಿವು ಅರ್ಧ ಇಳಿಯುತ್ತದೆ. ಮೂರೂವರೆಗೆ ಉಂಡು, ಬೆಳಿಗ್ಗೆ ಏನೂ ತಿನ್ನದೆ ಬಸ್ಸು ಹತ್ತಿ ಬಂದವರೇ ಸಂಜೆ ಬಾಣಲೆಯ ಮುಂದೆ ಸೋಲುವುದು. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಸಿಗುತ್ತದೆ, ಬೇಯಿಸಿದ ಶೇಂಗಾ ಸಿಗುತ್ತದೆ, ಮಜ್ಜಿಗೆ ಸಿಗುತ್ತದೆ. ಮಿರ್ಚಿ ಬಿಡಲಾಗದಿದ್ದರೆ ಬಿಡಬೇಡಿ. ಶನಿವಾರಕ್ಕೊಂದು ದಿನ ಇಟ್ಟುಕೊಳ್ಳಿ, ಪ್ಲೇಟಿನ ಬದಲು ಎರಡೇ ತೆಗೆದುಕೊಳ್ಳಿ. ಚಾ ಐದಾದರೆ ಮೂರಕ್ಕೆ ಸಕ್ಕರೆ ಬೇಡ ಅನ್ನಿ. ನಾಲಿಗೆ ಎರಡು ವಾರ ಗಲಾಟೆ ಮಾಡಿ ಸುಮ್ಮನಾಗುತ್ತದೆ.

ಮಕ್ಕಳ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿಂಡಿಯನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರಲ್ಲೇ ಕೇಂದ್ರದ ನಿಯಮ ಬಂದಿದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ಐವತ್ತು ಮೀಟರ್ ಅಳೆದರೆ ನಿಯಮದ ಆರೋಗ್ಯ ಗೊತ್ತಾಗುತ್ತದೆ.

ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ಸಕ್ಕರೆ, ಬಿ.ಪಿ. ನೋಡಿಸಬೇಕು. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ದುಡ್ಡಿಲ್ಲ. 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬಂದು ನೋಡುವ ಏರ್ಪಾಡಾಗಿದೆ. ಬಂದಾಗ "ಯಜಮಾನ್ರು ಅಂಗಡಿಗೆ ಹೋಗ್ಯಾರ" ಅಂತ ಹೇಳಿ ಕಳಿಸುವುದು ರೂಢಿ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100 ದಾಟಿದರೆ ಎಚ್ಚರಿಕೆಯ ಗಂಟೆ, 126 ಮುಟ್ಟಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಬಿ.ಪಿ.ಗೆ ಗಡಿ 140-90.

ಸೂಜಿಗೆ ಹೆದರುವವರಿಗೆ ಇನ್ನೊಂದು ಪರೀಕ್ಷೆ ಇದೆ, ಅದು ದರ್ಜಿಯ ಅಂಗಡಿಯಲ್ಲಿ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು ಮೀರಬಾರದು. ಹೆಂಗಸರದು 80, ಅಂದರೆ ಮೂವತ್ತೊಂದೂವರೆ. ಹಳೇ ದರ್ಜಿಗಳ ಅಳತೆ ಪುಸ್ತಕದಲ್ಲಿ ಹತ್ತು ವರ್ಷದ ಹಿಂದಿನ ಲೆಕ್ಕವೂ ಇರುತ್ತದೆ, ದೀಪಾವಳಿಗೆ ಹೊಸ ಪ್ಯಾಂಟು ಹೊಲಿಸಲು ಹೋದಾಗ ತೆಗೆಸಿ ನೋಡಬಹುದು. ಟೇಪು ಹಿಡಿಯಬೇಕಾದ್ದು ಹೊಕ್ಕಳಿನ ಮಟ್ಟದಲ್ಲಿ. ಹೊಟ್ಟೆಯ ಕೆಳಗೆ ಪ್ಯಾಂಟು ಜಾರಿ ನಿಂತ ಜಾಗದಲ್ಲಿ ಹಿಡಿಸಿಕೊಂಡು "ಮೂವತ್ನಾಲ್ಕೇ ಐತಿ ನೋಡ್ರೀ" ಎಂದರೆ ದರ್ಜಿಯೂ ಒಳಗೊಳಗೇ ನಗುತ್ತಾನೆ.